ವರನನ್ನು ವಿಚಾರಿಸುತ್ತೇವೆ, ವಕೀಲರನ್ನು?

ಮಗಳಿಗೆ ಸಂಬಂಧ ಬಂದರೆ ನಾವು ವರನ ಊರು, ಉದ್ಯೋಗ, ನಡತೆ, ಮನೆತನ ಎಲ್ಲವನ್ನೂ ಕೆದಕಿ ಕೆದಕಿ ವಿಚಾರಿಸುತ್ತೇವೆ. ಆದರೆ ಅದೇ ಮಗಳ ಪತಿ ರಸ್ತೆ ಅಪಘಾತದಲ್ಲಿ ತೀರಿಕೊಂಡರೆ, ಅವಳ ಮಕ್ಕಳ ಬದುಕಿಗೆ ಆಸರೆಯಾಗಬಲ್ಲ ಮೊಕದ್ದಮೆಯನ್ನು ಆಸ್ಪತ್ರೆಯ ವರಾಂಡದಲ್ಲಿ ಸಿಕ್ಕ ದಲ್ಲಾಳಿಯೊಬ್ಬ ತೋರಿಸಿದ ವಕೀಲರಿಗೆ ಕಣ್ಣುಮುಚ್ಚಿ ಒಪ್ಪಿಸುತ್ತೇವೆ. ವಕಾಲತ್ತಿನ ಜೊತೆ ಖಾಲಿ ಹಾಳೆಗಳಿಗೂ ಸಹಿ ಹಾಕುವವರು ನಮ್ಮಲ್ಲಿದ್ದಾರೆ.

ಯಾರು ನಡೆಸಿದರೂ ಅಪಘಾತದ ಕೇಸು ಒಂದೇ ಎಂಬ ಭಾವನೆ ತಪ್ಪು. ಒಂದು ಕೈ ಕಳೆದುಕೊಂಡ ಸರಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ಅದೇ ಕೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ದುಡಿಮೆಯೇ ನಿಂತುಹೋಗುತ್ತದೆ. ಈ ವ್ಯತ್ಯಾಸವನ್ನು ಸುಪ್ರೀಮ್ ಕೋರ್ಟು 2010ರಲ್ಲಿ ರಾಜ್‌ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮೃತನು ಸ್ವಂತ ದುಡಿಮೆಯವನಾಗಿದ್ದು 40ರೊಳಗಿನ ಪ್ರಾಯದವನಾಗಿದ್ದರೆ, ಭವಿಷ್ಯದ ಗಳಿಕೆಯೆಂದು ಆದಾಯಕ್ಕೆ ಶೇ. 40ರಷ್ಟು ಸೇರಿಸಬೇಕೆಂದು 2017ರ ಪ್ರಣಯ್ ಸೇಠಿ ತೀರ್ಪು ಹೇಳಿದೆ. ನಮ್ಮವರಲ್ಲಿ ಅನೇಕರು ಚಾಲಕರು, ಮೀನು ವ್ಯಾಪಾರಿಗಳು, ಗ್ಯಾರೇಜು ಕೆಲಸಗಾರರು. ಅವರಲ್ಲಿ ಸಂಬಳದ ಚೀಟಿ ಇರುವುದಿಲ್ಲ. ಅವರ ಆದಾಯವನ್ನು ಸಾಕ್ಷ್ಯದಿಂದ ಸಾಬೀತುಪಡಿಸಲು, ವೈದ್ಯರನ್ನು ವಿಚಾರಣೆಗೆ ಕರೆಸಲು ತಿಳಿಯದ ವಕೀಲರ ಕೈಯಲ್ಲಿ ಕುಟುಂಬದ ಹಕ್ಕು ಅರ್ಧಕ್ಕೆ ಇಳಿದೀತು.

ಆದ್ದರಿಂದ ಸಂಕೋಚವಿಲ್ಲದೆ ಕೇಳಬೇಕು. ಕಾನೂನು ಪದವಿ, ವಕೀಲರ ಪರಿಷತ್ತಿನ ನೋಂದಣಿ ಎಲ್ಲ ವಕೀಲರಿಗೂ ಇರಲೇಬೇಕಾದವು. ಅದರಾಚೆಗೆ, ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಎಷ್ಟು ವರ್ಷಗಳ ಅನುಭವವಿದೆ? ಸಾಕ್ಷಿ ವಿಚಾರಣೆಯನ್ನು ಸ್ವತಃ ನಡೆಸುತ್ತಾರೆಯೇ? ಎದುರಾಳಿ ವಿಮಾ ಕಂಪೆನಿಯ ಪರವಾಗಿಯೂ ವಾದಿಸುತ್ತಿದ್ದಾರೆಯೇ? ಕಾಗದಪತ್ರಗಳ ಪ್ರತಿ ಕೊಡುತ್ತಾರೆಯೇ? ಪರಿಹಾರದಲ್ಲಿ ಇಂತಿಷ್ಟು ಪಾಲು ಎಂದು ಶುಲ್ಕ ನಿಗದಿಪಡಿಸುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಅಂತಹ ಕರಾರನ್ನು ಮುಂದಿಡುವವರು ತಮ್ಮ ಹಿನ್ನೆಲೆಯನ್ನು ತಾವೇ ಹೇಳಿಕೊಂಡಂತೆ. ಹಾಗೆಂದು ಎಲ್ಲರನ್ನೂ ಸಂಶಯಿಸಬೇಕಾಗಿಲ್ಲ. ವಿಧವೆಯ ಕೇಸನ್ನು ತನ್ನ ಮನೆಯ ಕೇಸೆಂಬಂತೆ ನಡೆಸುವ ವಕೀಲರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಇಲ್ಲಿ ನೋಡಬೇಕಾದುದು ಹೆಸರನ್ನಲ್ಲ, ಅರ್ಹತೆ ಮತ್ತು ಪ್ರಾಮಾಣಿಕತೆಯನ್ನು.

'ಎಲ್ಲವೂ ಅಲ್ಲಾಹನ ವಿಧಿ, ಸಾವಿಗೆ ಹಣವೇಕೆ?' ಎಂದು ಸುಮ್ಮನಾಗುವವರೂ ಇದ್ದಾರೆ. ವಿಧಿಯಲ್ಲಿ ನಂಬಿಕೆ ಬೇರೆ, ಹಕ್ಕನ್ನು ಕೈಚೆಲ್ಲುವುದು ಬೇರೆ. ಪ್ರಮಾದದಿಂದಾದ ಹತ್ಯೆಗೂ ಮೃತನ ವಾರಸುದಾರರಿಗೆ ಪರಿಹಾರ ಸಲ್ಲಬೇಕೆಂದು ಕುರ್‌ಆನ್ ವಿಧಿಸಿದೆ. ಅನಾಥರ ಸೊತ್ತನ್ನು ಕಬಳಿಸುವವರಿಗೆ ಅದು ಕಠಿಣ ಎಚ್ಚರಿಕೆಯನ್ನೂ ಕೊಟ್ಟಿದೆ. ನಮ್ಮ ಅಜ್ಞಾನದಿಂದ ಅನಾಥರ ಪಾಲು ಕರಗಿಹೋದರೆ ನಾವು ನಿರಪರಾಧಿಗಳೇ?

ಇಲ್ಲಿ ಜಮಾಅತ್‌ಗಳಿಗೂ ಹೊಣೆಯಿದೆ. ಮಯ್ಯಿತ್ ದಫನ ಮುಗಿದೊಡನೆ ನಮ್ಮ ಕರ್ತವ್ಯ ಮುಗಿಯುವುದಿಲ್ಲ. ಮಹಿಳೆಯರಿಗೂ ಮಕ್ಕಳಿಗೂ ಆದಾಯಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯುವ ಹಕ್ಕನ್ನು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ನೀಡಿದೆ. ಆ ವಿಧವೆಯನ್ನು ಜಿಲ್ಲಾ ಪ್ರಾಧಿಕಾರದ ಬಾಗಿಲವರೆಗೆ ತಲುಪಿಸುವ ಇಬ್ಬರು ತಿಳಿವಳಿಕಸ್ಥರು ಪ್ರತಿ ಮೊಹಲ್ಲಾದಲ್ಲೂ ಇರಲಿ. ದಲ್ಲಾಳಿ ತಲುಪುವ ಮೊದಲು ನಾವು ತಲುಪಬೇಕು.