ಎಲುಬು ಮುರಿದ ಮೇಲಿನ ಆರು ಗಂಟೆ

ಕಬ್ಬು ನುರಿಸುವ ಹಂಗಾಮು ಶುರುವಾದರೆ ಉಗಾರ ಖುರ್ದದ ರಸ್ತೆಗಳ ಚಹರೆಯೇ ಬದಲಾಗುತ್ತದೆ. 1939ರಲ್ಲಿ ಸ್ಥಾಪನೆಯಾದ ಇಲ್ಲಿನ ಸಕ್ಕರೆ ಕಾರ್ಖಾನೆಯತ್ತ, ಅಥಣಿ, ರಾಯಬಾಗ, ಚಿಕ್ಕೋಡಿ ಭಾಗದ ಇತರ ಕಾರ್ಖಾನೆಗಳತ್ತ ಹಗಲು ರಾತ್ರಿ ಟ್ರ್ಯಾಕ್ಟರ್‌ಗಳು ಸಾಗುತ್ತವೆ. ಒಂದು ಎಂಜಿನ್ ಹಿಂದೆ ಎರಡು ಟ್ರೇಲರ್. ಹಿಂಬದಿಯ ದೀಪ, ರಿಫ್ಲೆಕ್ಟರ್ ಇಲ್ಲದಿದ್ದರೆ ಅಥವಾ ಹೊರಚಾಚಿದ ಕಬ್ಬು ಅವನ್ನು ಮುಚ್ಚಿದ್ದರೆ, ಕತ್ತಲಲ್ಲಿ ಬೈಕ್ ಸವಾರನಿಗೆ ಟ್ರೇಲರ್ ಕಾಣುವುದು ತೀರ ಹತ್ತಿರ ಬಂದ ಮೇಲೆಯೇ.

ಜೀವ ಉಳಿದರೆ ‘ಕಾಲು ಮುರಿದಿದ್ದಷ್ಟೇ’ ಎಂದು ಸಮಾಧಾನಪಡುತ್ತೇವೆ. ಆದರೆ ಪೊಲೀಸ್, ಸೇನಾ ಭರ್ತಿಗೆ ತಯಾರಿ ನಡೆಸಿರುವ ಯುವಕ–ಯುವತಿಯರಿಗೆ ಅದು ‘ಅಷ್ಟೇ’ ಅಲ್ಲ. ಎಲುಬು ಸೊಟ್ಟಗೆ ಕೂಡಿದರೆ ಓಟವೂ ಹೋಯಿತು, ವೈದ್ಯಕೀಯ ಪರೀಕ್ಷೆಯೂ ಹೋಯಿತು. ವಯೋಮಿತಿ ಯಾರಿಗೂ ಕಾಯುವುದಿಲ್ಲ.

ಹಲವು ಬಾರಿ ಮುರಿತಕ್ಕಿಂತ ಹೆಚ್ಚು ಹಾನಿ ಮಾಡುವುದು ನಂತರದ ತಪ್ಪುಗಳು. ಎಲುಬು ಮುರಿದಾಗ ಒಳಗೆ ರಕ್ತಸ್ರಾವವಾಗಿ ಬಾವು ಬರುತ್ತದೆ. ಅದರ ಮೇಲೆ ಬಿದಿರಿನ ಪಟ್ಟಿ ಇಟ್ಟು ಬಿಗಿದು ಕಟ್ಟಿದರೆ ರಕ್ತ ಸಂಚಾರ ನಿಲ್ಲುತ್ತದೆ. ಸುಮಾರು ಆರು ಗಂಟೆ ಹೀಗೇ ಕಳೆದರೆ ಸ್ನಾಯುಗಳಿಗೆ ಶಾಶ್ವತ ಹಾನಿಯಾಗಬಹುದು, ಕೈ ಅಥವಾ ಕಾಲನ್ನೇ ತೆಗೆಯಬೇಕಾಗಬಹುದು. ಬೆರಳು ಅಲುಗಿಸಿದರೆ ತಡೆಯಲಾಗದ ನೋವು, ಜೋಮು, ಚರ್ಮ ತಣ್ಣಗಾಗುವುದು ಇದರ ಸೂಚನೆಗಳು. ಕಟ್ಟು ಹಾಕಿದ್ದು ನಾಟಿ ವೈದ್ಯರಿರಲಿ, ಆಸ್ಪತ್ರೆಯವರಿರಲಿ, ಈ ಲಕ್ಷಣ ಕಂಡರೆ ಬೆಳಗಿನವರೆಗೆ ಕಾಯಬಾರದು.

ಹಾಗಾದರೆ ಸ್ಥಳದಲ್ಲಿದ್ದವರು ಏನು ಮಾಡಬೇಕು? ಮುರಿದ ಭಾಗವನ್ನು ಎಳೆಯಬಾರದು, ತಿಕ್ಕಬಾರದು. ಇದ್ದ ಸ್ಥಿತಿಯಲ್ಲೇ ಹಲಗೆ ಅಥವಾ ಮಡಚಿದ ರಟ್ಟಿನ ಆಧಾರ ಕೊಟ್ಟು ಸಡಿಲವಾಗಿ ಕಟ್ಟಬೇಕು. ಗಾಯವಿದ್ದರೆ ಸ್ವಚ್ಛ ಬಟ್ಟೆ ಮುಚ್ಚಬೇಕು. ಬೆನ್ನು, ಕುತ್ತಿಗೆಗೆ ಪೆಟ್ಟಾಗಿದೆ ಎನಿಸಿದರೆ ಎತ್ತಿ ಕೂರಿಸದೆ 108ಕ್ಕೆ ಕರೆ ಮಾಡಬೇಕು. ‘ಪೊಲೀಸ್ ಕೇಸ್ ಆಗುತ್ತದೆ’ ಎಂಬ ಭಯ ಬೇಡ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ನೆರವಾದವರಿಗೆ ರಕ್ಷಣೆ ಕೊಡುತ್ತದೆ.

ಇನ್ನು ಹಣದ ಪ್ರಶ್ನೆ. ಈ ಭಾಗದ ಅನೇಕರು ಚಿಕಿತ್ಸೆಗೆ ಗಡಿ ದಾಟಿ ಮಿರಜಕ್ಕೆ ಹೋಗುತ್ತಾರೆ. ರಾಜ್ಯ ಬದಲಾದರೆ ನಮ್ಮ ಕಾರ್ಡು ನಡೆಯುತ್ತದೋ ಇಲ್ಲವೋ ಎಂಬ ಗೊಂದಲ ಇದ್ದದ್ದೇ. ಕೇಂದ್ರ ಸರ್ಕಾರ 2025ರ ಮೇನಲ್ಲಿ ಜಾರಿಗೆ ತಂದ ರಸ್ತೆ ಅಪಘಾತ ಸಂತ್ರಸ್ತರ ನಗದುರಹಿತ ಚಿಕಿತ್ಸಾ ಯೋಜನೆ ಇಡೀ ದೇಶಕ್ಕೆ ಅನ್ವಯಿಸುತ್ತದೆ. ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಗರಿಷ್ಠ 7 ದಿನ, ₹1.5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಅಪಘಾತವನ್ನು ಪೊಲೀಸರು ದೃಢೀಕರಿಸಬೇಕಾದ್ದರಿಂದ 112ಕ್ಕೆ ಮಾಹಿತಿ ನೀಡುವುದು ಮುಖ್ಯ. ಗಡಿಯ ಎರಡೂ ಬದಿ ಯಾವ ಆಸ್ಪತ್ರೆಗಳು ಪಟ್ಟಿಯಲ್ಲಿವೆ ಎಂಬ ಫಲಕ ಪ್ರತಿ ಬಸ್ ನಿಲ್ದಾಣ, ಕಾಲೇಜು, ಕಾರ್ಖಾನೆ ಗೇಟಿನಲ್ಲಿ ಏಕಿರಬಾರದು?

ಕಾಲಿನ ದೊಡ್ಡ ಎಲುಬು ಕೂಡಲು ಮೂರು–ನಾಲ್ಕು ತಿಂಗಳು ಬೇಕು. ಸಿಗರೇಟು, ಬೀಡಿ ಸೇದುವವರಿಗೆ ಇನ್ನೂ ತಡ. ನಿಪ್ಪಾಣಿಯ ತಂಬಾಕಿನ ನೆರೆಯಲ್ಲಿರುವ ನಾವು ಇದನ್ನು ಮರೆಯಬಾರದು. ಹಾಲು, ರಾಗಿ, ಬೇಳೆ, ಮೊಟ್ಟೆ, ಎಳೆಬಿಸಿಲು ಬೇಕು. ವೈದ್ಯರು ಹೇಳಿದ ವ್ಯಾಯಾಮ ತಪ್ಪಿಸಬಾರದು.

ಒಂದು ಟ್ರೇಲರ್‌ಗೆ ರಿಫ್ಲೆಕ್ಟರ್ ಪಟ್ಟಿ ಅಂಟಿಸಲು ಆಗುವ ಖರ್ಚು ಒಂದು ಶಸ್ತ್ರಚಿಕಿತ್ಸೆಯ ಮುಂದೆ ಏನೂ ಅಲ್ಲ. ಪಟ್ಟಿ, ದೀಪ ಇಲ್ಲದ ವಾಹನವನ್ನು ತೂಕದ ಕಾಟಾಕ್ಕೆ ಬಿಡುವುದಿಲ್ಲ ಎಂದು ಕಾರ್ಖಾನೆಗಳು ನಿಯಮ ಮಾಡಲಿ, ಸಾರಿಗೆ ಇಲಾಖೆ ಹಂಗಾಮಿಗೆ ಮೊದಲೇ ತಪಾಸಣೆ ಮಾಡಲಿ. ಹೆಲ್ಮೆಟ್ ಧರಿಸಿ, ರಾತ್ರಿ ವೇಗ ತಗ್ಗಿಸುವ ಹೊಣೆ ನಮ್ಮದು.