ಫಾರ್ವರ್ಡನ ಬೆಲೆಗೆ ಗೋಲೊಂದೇ ತಕ್ಕಡಿಯೇ?

“ಏನ್ರೀ, ನಮ್ಮ ಹುಡ್ಗ ಹೊಸ ಟೀಮಿಗೆ ಹೋದ್ನಲ್ಲ, ಎಷ್ಟು ಗೋಲ್ ಹೊಡ್ದ?”

“ಎಂಟು ಮ್ಯಾಚಿಗೆ ಒಂದು.”

“ಹಂಗಾರೆ ಅವ್ನ ಕತೆ ಮುಗೀತು ಬಿಡಿ!”

ಕೊಡಗಿನ ಯಾವ ಬಸ್ ಸ್ಟ್ಯಾಂಡಿನಲ್ಲಿ ನಿಂತರೂ ಇಂಥ ತೀರ್ಪು ಕಿವಿಗೆ ಬೀಳುತ್ತದೆ. ಒಂದು ಲೋಟ ಕಾಫಿ ಖಾಲಿಯಾಗುವಷ್ಟರಲ್ಲಿ ಹುಡುಗನ ಹಣೆಬರಹವೂ ಖಾಲಿ. ಅಕ್ಕಿ ತೂಗುವಾಗ ಗ್ರಾಂ ಬಿಡದ ಅಂಗಡಿಯವರೂ ಫಾರ್ವರ್ಡ್ ಆಟಗಾರನನ್ನು ತೂಗುವಾಗ ಮಾತ್ರ ಕಣ್ಣಳತೆಯಲ್ಲೇ ಮುಗಿಸುತ್ತಾರೆ.

ಹಾಕಿಯವರು ತಂಡ ಬದಲಿಸುವುದು ಬಹುಪಾಲು ಎರಡು ದಾರಿಯಲ್ಲಿ. ಒಂದು ನೌಕರಿ: ಬ್ಯಾಂಕು, ರೈಲ್ವೆ, ತೈಲ ಕಂಪನಿ, ಸೈನ್ಯ. ಇನ್ನೊಂದು ಹಾಕಿ ಇಂಡಿಯಾ ಲೀಗಿನ ಹರಾಜು. 2013ರಲ್ಲಿ ಶುರುವಾದ ಈ ಲೀಗು 2017ರ ನಂತರ ನಿಂತೇಹೋಗಿತ್ತು. 2024ರ ಕೊನೆಗೆ ಮತ್ತೆ ಎದ್ದಿತು. ಯಾವ ದಾರಿಯಲ್ಲಿ ಹೋದರೂ ಹುಡುಗನ ಹಿಂದೆ ‘ಎಷ್ಟು ಗೋಲು’ ಎಂಬ ಪ್ರಶ್ನೆ ಬೆನ್ನು ಬಿಡದೆ ಹೋಗುತ್ತದೆ.

ಮನೆಯ ಲೆಕ್ಕವನ್ನೇ ನೋಡಿ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಭಾರತಕ್ಕೆ 264 ಪಂದ್ಯ ಆಡಿ 72 ಗೋಲು ಹೊಡೆದು 2021ರಲ್ಲಿ ನಿವೃತ್ತರಾದರು. ಕೊಡಗಿನವರೇ ಆದ ವಿ.ಆರ್. ರಘುನಾಥ್ 228 ಪಂದ್ಯಗಳಲ್ಲಿ ಹೊಡೆದದ್ದು 132. ಒಬ್ಬರು ಫಾರ್ವರ್ಡ್, ಇನ್ನೊಬ್ಬರು ಡಿಫೆಂಡರ್. ಕಾಗದ ನೋಡಿದರೆ ಮುಂದೆ ನಿಂತವರಿಗಿಂತ ಹಿಂದೆ ನಿಂತವರದೇ ಹೆಚ್ಚು! 2013ರ ಹರಾಜಿನಲ್ಲಿ ರಘುನಾಥ್ ಅವರಿಗೆ ಉತ್ತರಪ್ರದೇಶ ತಂಡ 76,000 ಡಾಲರ್ ಕೊಟ್ಟಿತು, ಸುನಿಲ್ ಅವರಿಗೆ ಪಂಜಾಬ್ ತಂಡ 42,000 ಡಾಲರ್. ಹಾಗಾದರೆ ಸುನಿಲ್ ಅರ್ಧ ಬೆಲೆಯ ಆಟಗಾರರೇ? ಏಷ್ಯಾದ ಹಾಕಿ ಫೆಡರೇಷನ್ 2016ರ ವರ್ಷದ ಆಟಗಾರ ಎಂದು ಆರಿಸಿದ್ದು ಇದೇ ಸುನಿಲ್ ಅವರನ್ನು.

ಗುಟ್ಟು ಇರುವುದು ಪೆನಾಲ್ಟಿ ಕಾರ್ನರಿನಲ್ಲಿ. ರೈಟ್ ವಿಂಗಿನಲ್ಲಿ ಒಬ್ಬ ಬಿರುಗಾಳಿಯ ಹಾಗೆ ನುಗ್ಗಿ ‘ಡಿ’ ಒಳಗೆ ಚೆಂಡು ತರುತ್ತಾನೆ. ಎದುರಾಳಿ ಗಾಬರಿಯಾಗಿ ಕಾಲು ಕೊಡುತ್ತಾನೆ, ಇಲ್ಲವೇ ಸ್ಟಿಕ್ಕಿಗೆ ಹೊಡೆಯುತ್ತಾನೆ. ವಿಸಲ್ ಊದುತ್ತದೆ. ಆಗ ಹಿಂದಿನಿಂದ ನಿಧಾನವಾಗಿ ನಡೆದುಬರುವ ಡ್ರ್ಯಾಗ್ ಫ್ಲಿಕ್ಕರ್ ಚೆಂಡನ್ನು ಬಲೆಗೆ ಎಸೆಯುತ್ತಾನೆ. ಬೆಳಗ್ಗೆ ಪತ್ರಿಕೆಯಲ್ಲಿ ಯಾರ ಹೆಸರು? ಎಸೆದವನದು. ನುಗ್ಗಿ ಏಟು ತಿಂದವನು ಸ್ಕೋರ್ ಪುಸ್ತಕದಲ್ಲೂ ಇಲ್ಲ. ಫ್ಲಿಕ್ ಮಾಡುವುದೇನು ಸಣ್ಣ ಕೆಲಸವಲ್ಲ, ಅದಕ್ಕೆ ಸಿಗುವ ದುಡ್ಡೂ ತಪ್ಪಲ್ಲ. ಆದರೆ ಸೊನ್ನೆ ಬರೆದವನ ಪಾಲು ಸೊನ್ನೆಯಲ್ಲ.

ಲೀಗಿನವರಿಗೂ ಇದು ಹೊಳೆದಿರಬೇಕು. 2016ರಲ್ಲಿ ಫೀಲ್ಡ್ ಗೋಲು ಒಂದಕ್ಕೆ ಎರಡು ಎಂದು ಎಣಿಸುವ ಕಾನೂನು ತಂದರು. ಆ ವರ್ಷ ಪಂಜಾಬ್ ತಂಡ ಕಳಿಂಗ ತಂಡವನ್ನು ಫೈನಲಿನಲ್ಲಿ 6-1ರಿಂದ ಸೋಲಿಸಿತು; ಆರು ಎಂದರೆ ಚೆಂಡು ಬಲೆ ಸೇರಿದ್ದು ಮೂರೇ ಸಲ. ಇದು ಸ್ವಲ್ಪ ಅತಿಯಾಯಿತು. ತಕ್ಕಡಿ ಒಂದು ಕಡೆ ವಾಲಿದೆಯೆಂದು ಇನ್ನೊಂದು ತಟ್ಟೆಗೆ ಕಲ್ಲು ಕಟ್ಟಿದ ಹಾಗೆ.

ಹರಾಜಿನ ಕಣ್ಣೂ ಈಚೆಗೆ ಬದಲಾಗಿದೆ. 2024ರ ಅಕ್ಟೋಬರಿನಲ್ಲಿ ಹರ್ಮನ್‌ಪ್ರೀತ್ 78 ಲಕ್ಷಕ್ಕೆ ಹೋದರೆ, ಫಾರ್ವರ್ಡ್ ಅಭಿಷೇಕ್ 72 ಲಕ್ಷಕ್ಕೆ ಬಂಗಾಳ ಟೈಗರ್ಸ್ ಸೇರಿದರು. 2025ರ ಫೆಬ್ರವರಿ 1ರಂದು ಆ ತಂಡವೇ ಹೈದರಾಬಾದನ್ನು 4-3ರಿಂದ ಸೋಲಿಸಿ ಕಪ್ಪು ಎತ್ತಿತು. ಲೀಗಿನಲ್ಲೇ ಹೆಚ್ಚು, 12 ಗೋಲು ಹೊಡೆದದ್ದು ಆ ತಂಡದ ಡ್ರ್ಯಾಗ್ ಫ್ಲಿಕ್ಕರ್ ಜುಗರಾಜ್, ಫೈನಲಿನಲ್ಲೇ ಮೂರು. ಆದರೆ ಗೆಲುವಿನ ನಾಲ್ಕನೆಯದು ನ್ಯೂಜಿಲೆಂಡಿನ ಫಾರ್ವರ್ಡ್ ಸ್ಯಾಮ್ ಲೇನ್ ಅವರದು. ಬರೀ ಪಟ್ಟಿ ನೋಡಿ ಕೂತವರು ಅಭಿಷೇಕ್‌ಗೆ ಕೊಟ್ಟ 72 ಲಕ್ಷ ದಂಡ ಎನ್ನುತ್ತಾರೆ. ಎದುರು ತಂಡದ ಇಬ್ಬರು ಡಿಫೆಂಡರುಗಳನ್ನು ತನ್ನ ಮೇಲೇ ಎಳೆದುಕೊಳ್ಳುವ ಫಾರ್ವರ್ಡನಿಂದ ಪಕ್ಕದವನಿಗೆ ಎಷ್ಟು ಜಾಗ ಸಿಗುತ್ತದೆಂದು ಎಣಿಸುವವರು ಯಾರು?

ಹಾಗೆಂದು ಫಾರ್ವರ್ಡುಗಳಿಗೆಲ್ಲ ಮಾಫಿ ಕೊಡಬೇಕೆಂದಲ್ಲ. ಒಂದು ಬಡಪಾಯಿ ತಂಡದ ಮೇಲೆ ನಾಲ್ಕು ಗೋಲು ಹೊಡೆದು, ಮುಂದಿನ ಐದು ಪಂದ್ಯ ಮೈದಾನದಲ್ಲಿ ಇದ್ದಾನೋ ಇಲ್ಲವೋ ಗೊತ್ತಾಗದವರೂ ಇದ್ದಾರೆ. ಅವರ ಸರಾಸರಿ ಚೆನ್ನಾಗಿಯೇ ಕಾಣುತ್ತದೆ! ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ ಇಂಥ ಗೋಲಿನ ಮಳೆ ನೋಡದವರಿಲ್ಲ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಹಬ್ಬಕ್ಕೆ 360 ತಂಡ ಬಂದಿದ್ದವು. ಅಷ್ಟರಲ್ಲಿ ಗಟ್ಟಿ ತಂಡವೂ ಇರುತ್ತದೆ, ಹಬ್ಬಕ್ಕೆಂದು ಸ್ಟಿಕ್ ಹಿಡಿದ ಮಾವಂದಿರ ತಂಡವೂ ಇರುತ್ತದೆ. ಎಷ್ಟು ಎನ್ನುವುದಕ್ಕಿಂತ ಯಾರ ಮೇಲೆ, ಎಷ್ಟನೆಯ ನಿಮಿಷದಲ್ಲಿ ಎಂದು ಕೇಳುವುದು ಒಳ್ಳೆಯದು. ಗಟ್ಟಿ ಎದುರಾಳಿಯ ಮೇಲೂ ಪ್ರತಿ ಪಂದ್ಯ ನಾಲ್ಕಾರು ಸಲ ‘ಡಿ’ ಹೊಕ್ಕು, ಚೆಂಡು ಕಳೆದಾಗ ಹಿಂದಕ್ಕೆ ಓಡಿಬರುವವನು ನಂಬಿಕೆಯ ಆಟಗಾರ. ಗೋಲು ಇಂದಲ್ಲ ನಾಳೆ.

ಹೊಸ ತಂಡ ಸೇರಿದವನಿಗಂತೂ ಕಾಲ ಕೊಡಲೇಬೇಕು. ಲೀಗಿನಲ್ಲಿ ಸಿಗುವುದು ಕೆಲವೇ ಪಂದ್ಯ. ಪಾಸ್ ಕೊಡುವ ಮಿಡ್‌ಫೀಲ್ಡರನ ಭಾಷೆಯೇ ಬೇರೆ. ಹಳೇ ತಂಡದಲ್ಲಿ ಕಣ್ಸನ್ನೆಗೆ ಬರುತ್ತಿದ್ದ ಚೆಂಡು ಇಲ್ಲಿ ಕೂಗಿದರೂ ಬರುವುದಿಲ್ಲ. ಕಿತ್ತು ನೆಟ್ಟ ಕಾಫಿ ಗಿಡದಲ್ಲಿ ಅದೇ ವರ್ಷ ಹಣ್ಣು ಹುಡುಕುವ ಬೆಳೆಗಾರ ಈ ಜಿಲ್ಲೆಯಲ್ಲಿ ಯಾರಿದ್ದಾರೆ?

ಇದು ಬರೀ ಹರಟೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಕ್ರೀಡಾ ಕೋಟಾದ ನೌಕರಿಗೆ, ಶಿಬಿರದ ಆಯ್ಕೆಗೆ ಹೋಗುವ ಹುಡುಗ ಹುಡುಗಿಯರು ಕೈಯಲ್ಲಿ ಹಿಡಿದು ಹೋಗುವುದು ಇಂಥದೇ ಕಾಗದಗಳನ್ನು. ಅಲ್ಲಿ ಗೋಲಿನ ಕಾಲಂ ಒಂದೇ ಇದ್ದರೆ ಆರಿಸುವವರಾದರೂ ಏನು ಮಾಡಿಯಾರು? ಊರಿನ ಪಂದ್ಯಾವಳಿಗಳ ಸ್ಕೋರ್ ಹಾಳೆಯಲ್ಲಿ ‘ಪೆನಾಲ್ಟಿ ಕಾರ್ನರ್ ಗಳಿಸಿದವರು’ ಎಂದು ಇನ್ನೊಂದು ಕಾಲಂ ಎಳೆಯಲಿ. ಅಂಪೈರ್ ಕೈ ತೋರಿಸಿದೊಡನೆ ಮೇಜಿನ ಹತ್ತಿರ ಕೂತವರು ಜರ್ಸಿ ನಂಬರ್ ಗೀಚಿಕೊಂಡರೆ ಸಾಕು. ಮುಂದಿನ ಬೇಸಿಗೆಯ ಪಂದ್ಯಗಳಿಗೆ ಹಾಳೆ ಅಚ್ಚಿಗೆ ಹೋಗುವ ಮೊದಲೇ ಇದು ಆಗಬೇಕು. ಒಂದು ಗೆರೆಗೆ ಪ್ರೆಸ್ಸಿನವರು ಹೆಚ್ಚಿಗೆ ದುಡ್ಡು ಕೇಳುವುದಿಲ್ಲ.