ಕಂತು ನಮ್ಮದು, ಸ್ಪ್ಯಾನರ್ ಮಾತ್ರ ಕಂಪನಿಯದ್ದಾ?

ಟ್ರ್ಯಾಕ್ಟರ್ ಮನೆಗೆ ತರುವ ದಿನ ಹಾರ ಹಾಕಿ, ಕುಂಬಳಕಾಯಿ ಒಡೆದು, ಶೋರೂಮಿನವರ ಜೊತೆ ಫೋಟೊ ತೆಗೆಸಿಕೊಳ್ಳುತ್ತೇವೆ. ಅವತ್ತು ಕೈಗೆ ಕೊಡುವ ವಾರಂಟಿ ಪುಸ್ತಕವನ್ನು ಯಾರೂ ಓದುವುದಿಲ್ಲ. ನಾವೂ ಓದಿರಲಿಲ್ಲ. ಕಳೆದ ಮುಂಗಾರಿನಲ್ಲಿ ನಮ್ಮ ಬಳಗದ ಗೆಳೆಯನೊಬ್ಬನ ಮನೆಯ ಟ್ರ್ಯಾಕ್ಟರ್ ಹೊಲದ ನಡುವೆ ಕೈಕೊಟ್ಟ ಮೇಲೆ ಓದಿದೆವು. ಎಲ್ಲ ಇಂಗ್ಲಿಷು, ಅಕ್ಷರ ಸಾಸಿವೆ ಕಾಳಿನಷ್ಟು.

ಆದದ್ದು ಇಷ್ಟು. ರೋಟವೇಟರ್ ಹೊಡೆಯುವಾಗ ಹೈಡ್ರಾಲಿಕ್ ಲಿಫ್ಟ್ ಏಳಲಿಲ್ಲ. ವಾರಂಟಿ ಇನ್ನೂ ಇತ್ತು. ಡೀಲರ್ ಕಡೆಯವರು ನಾಲ್ಕನೇ ದಿನ ಬಂದರು. ಲಿಫ್ಟ್ ಮುಟ್ಟುವ ಮೊದಲೇ ಸರ್ವಿಸ್ ಪುಸ್ತಕ ಕೇಳಿದರು. 250 ಗಂಟೆಯ ಸರ್ವಿಸಿನ ಪುಟದಲ್ಲಿ ಸೀಲ್ ಇರಲಿಲ್ಲ. ಆ ಸಲ ಎಂಜಿನ್ ಆಯಿಲ್, ಫಿಲ್ಟರ್ ಎರಡನ್ನೂ ಗೆಳೆಯನ ಅಪ್ಪ ಮನೆಯಲ್ಲೇ ಬದಲಿಸಿದ್ದರು. ಆಯಿಲ್ ಕಂಪನಿಯದೇ, ಫಿಲ್ಟರ್ ಕಂಪನಿಯದೇ, ತಂದದ್ದೂ ಅದೇ ಡೀಲರ್ ಕೌಂಟರಿನಿಂದ. ಬಿಲ್ ಇದೆ. "ಹೊರಗೆ ಕೈ ಹಾಕಿದ್ದೀರಿ, ವಾರಂಟಿ ಬರಲ್ಲ" ಅಂದರು. ಮುಂದಿರುವ ಎಂಜಿನ್ ಫಿಲ್ಟರಿಗೂ ಹಿಂದಿರುವ ಲಿಫ್ಟಿಗೂ ಏನು ಸಂಬಂಧ ಎಂದರೆ "ಕಂಪನಿ ಪಾಲಿಸಿ" ಎಂಬ ಉತ್ತರ.

ಎರೆ ಹೊಲದ ಹದ ಪಾಲಿಸಿ ನೋಡಿಕೊಂಡು ಬರುವುದಿಲ್ಲ. ಮಳೆ ಬಿಟ್ಟ ಮೇಲೆ ಸಿಗುವುದು ಮೂರ್ನಾಲ್ಕು ದಿನ. ಅಂಗಳದಲ್ಲಿ ಸ್ವಂತ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು, ಅದರ ಕಂತನ್ನೂ ಕಟ್ಟುತ್ತ, ಅಪ್ಪ ಬಾಡಿಗೆ ಟ್ರ್ಯಾಕ್ಟರ್ ಕರೆಸಿ ಬಿತ್ತಿದರು. ಆಮೇಲೆ ಸಂತೆ ಊರಿನ ಮೇಸ್ತ್ರಿ ಒಂದೇ ಮಧ್ಯಾಹ್ನ ಲಿಫ್ಟ್ ಬಿಚ್ಚಿ ಸವೆದ ಓ-ರಿಂಗ್ ಬದಲಿಸಿದರು. ಅಷ್ಟೇ ರೋಗ.

ಕಂಪನಿಯ ಮಾತಿನಲ್ಲಿ ನಿಜವೇ ಇಲ್ಲ ಎನ್ನುವುದಿಲ್ಲ. ಡೀಸೆಲ್ ಪಂಪಿನ ಸೀಲ್ ಒಡೆದು, ಪವರ್ ಹೆಚ್ಚಿಸಿಕೊಳ್ಳಲು ಸ್ಕ್ರೂ ತಿರುವಿ, ಎಂಜಿನ್ ಹೋದಾಗ ವಾರಂಟಿ ಕೇಳುವವರು ನಮ್ಮಲ್ಲೂ ಇದ್ದಾರೆ. ಅವರ ಪರ ನಾವು ವಾದಿಸುತ್ತಿಲ್ಲ. ಆದರೆ ಯಾವುದನ್ನು ಮುಟ್ಟಿದ್ದಕ್ಕೆ ಯಾವುದು ಕೆಟ್ಟಿತು ಎಂದು ತೋರಿಸುವ ಹೊಣೆ ಕ್ಲೇಮ್ ತಳ್ಳಿಹಾಕುವವರದ್ದು.

ಇದು ನಮ್ಮ ಹೊಸ ತರ್ಕವಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಹೊರಗಿನ ಮೆಕ್ಯಾನಿಕ್ ಹತ್ತಿರ ಹೋದರೆ ಇಡೀ ವಾರಂಟಿ ರದ್ದು ಎಂಬ ಷರತ್ತು ಹಾಕುವಂತಿಲ್ಲ, ಹೊರಗಿನ ತಪ್ಪು ರಿಪೇರಿಯಿಂದ ಎಷ್ಟು ಹಾನಿಯಾಯಿತೋ ಅಷ್ಟಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಕಥೆ. ಆ ಆದೇಶ ಕಾರಿನದು, ಟ್ರ್ಯಾಕ್ಟರಿನದಲ್ಲ. ಕಾರಿನವರಿಗೆ ಒಪ್ಪುವ ನ್ಯಾಯ ರೈತನಿಗೇಕೆ ಒಪ್ಪುವುದಿಲ್ಲ?

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕಿ'ಗಾಗಿ ಸಮಿತಿ ಮಾಡಿದಾಗ, ಮೊಬೈಲ್, ಕಾರುಗಳ ಜೊತೆ ಕೃಷಿ ಯಂತ್ರಗಳನ್ನೂ ಪಟ್ಟಿಯಲ್ಲಿ ಇಟ್ಟಿತ್ತು. ಆ ವರ್ಷದ ಕೊನೆಗೆ ಒಂದು ಪೋರ್ಟಲ್ ಬಂತು. ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲಿ ಕಾನೂನನ್ನೇ ಮಾಡಿತು. ಬಿಡಿಭಾಗ, ಟೂಲ್, ಮ್ಯಾನ್ಯುಯಲ್, ಸಾಫ್ಟ್‌ವೇರ್ ಎಲ್ಲವನ್ನೂ ಕಂಪನಿ ರೈತನಿಗೆ ಒದಗಿಸಬೇಕು ಎಂಬ ಆ ಕಾನೂನು 2024ರ ಜನವರಿ 1ರಿಂದ ಜಾರಿಯಲ್ಲಿದೆ.

ನಮಗೂ ಅದು ಬೇಕಾಗುವ ಕಾಲ ಬಂದಿದೆ. 50 ಎಚ್‌ಪಿಗಿಂತ ಮೇಲಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂತು. ಅದರೊಂದಿಗೆ ಎಂಜಿನ್ನಿಗೆ ಸೆನ್ಸರ್, ಕಂಪ್ಯೂಟರ್ ಬಂದವು. ಮೇಸ್ತ್ರಿ ಕಿವಿಯಿಟ್ಟು ಕೇಳಿ ರೋಗ ಹಿಡಿಯುತ್ತಿದ್ದ ಜಾಗದಲ್ಲಿ ಈಗ ಲ್ಯಾಪ್‌ಟಾಪ್ ಹಚ್ಚಬೇಕು, ಆ ಲ್ಯಾಪ್‌ಟಾಪ್ ಡೀಲರ್ ಹತ್ತಿರ ಮಾತ್ರ.

ಕಾನೂನು ಬರುವವರೆಗೆ ಸುಮ್ಮನಿರಬೇಡಿ. ಮನೆಯಲ್ಲಿ ಆಯಿಲ್ ಬದಲಿಸಿದರೆ ಗಂಟೆ ಮೀಟರಿನ ಫೋಟೊ ತೆಗೆಯಿರಿ, ಬಿಲ್ ಜೋಪಾನವಾಗಿಡಿ. ದೂರು ಕೊಟ್ಟಾಗ ಜಾಬ್ ಕಾರ್ಡ್ ಕೇಳಿ ಪಡೆಯಿರಿ. ವಾರಂಟಿ ಇಲ್ಲ ಎಂದರೆ ಯಾಕೆ ಇಲ್ಲ ಎಂದು ಬರೆದುಕೊಡಲು ಹೇಳಿ. ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಹಾಕಬಹುದು. 5ರಿಂದ 10 ಲಕ್ಷ ಕೊಟ್ಟು ಕೊಂಡ ಟ್ರ್ಯಾಕ್ಟರಿಗೆ ಶುಲ್ಕ 200 ರೂಪಾಯಿ. "ಬಾಡಿಗೆ ಹೊಡೆದಿದ್ದೀರಿ, ನೀವು ಗ್ರಾಹಕರೇ ಅಲ್ಲ" ಎಂದು ಹೆದರಿಸಿದರೆ, ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡವನೂ ಗ್ರಾಹಕನೇ ಎಂದು 2019ರ ಕಾಯ್ದೆಯೇ ಹೇಳುತ್ತದೆ ಎನ್ನಿ.

ಗೆಳೆಯನ ಅಪ್ಪನೂ ಬರೆದುಕೊಡಿ ಎಂದು ಕೇಳಿದ್ದಾರೆ. "ಮೇಲಿನವರನ್ನ ಕೇಳಿ ಹೇಳ್ತೀವಿ ಯಜಮಾನ್ರೇ" ಅಂದಿದ್ದಾರೆ. ಹಿಂಗಾರಿನ ಬಿತ್ತನೆಯೂ ಮುಗಿಯಿತು, ಇನ್ನೂ ಕೇಳುತ್ತಲೇ ಇದ್ದಾರೆ.